ಉಗಿ ನಿಂತ ಮೇಲೆ ತೆರೆಯುವ ವಾಲ್ವು

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಚಿಕಾಗೋ ಹತ್ತಿರದ ರೈಲು ಮ್ಯೂಸಿಯಮ್ಮಿನಲ್ಲಿ ಹಳೆಯ ಪ್ಯಾಸೆಂಜರ್ ಬೋಗಿಗಳನ್ನು ನೋಡಿದೆ. ಎರಡು ಬೋಗಿಗಳ ನಡುವೆ ಬ್ರೇಕಿನ ಹೋಸ್ ಪೈಪಲ್ಲದೆ ಇನ್ನೊಂದು ದಪ್ಪ ಪೈಪು ಜೋತುಬಿದ್ದಿತ್ತು. ಬೋಗಿಗಳನ್ನು ಬೆಚ್ಚಗಿಡಲು ಉಗಿ ಒಯ್ಯುವ ಪೈಪು ಅದು ಎಂದು ಅಲ್ಲಿನವರು ವಿವರಿಸಿದರು. ಅದರ ಕಪ್ಲಿಂಗಿನ ತಳದಲ್ಲಿ ಹೆಬ್ಬೆರಳು ಗಾತ್ರದ ಒಂದು ರಿಲೀಫ್ ವಾಲ್ವ್ ಇತ್ತು. ಒತ್ತಡ ಜಾಸ್ತಿಯಾದರೆ ಉಗಿ ಹೊರಬಿಡಲು ಇರಬೇಕು ಎಂದುಕೊಂಡೆ. ಆದರೆ ಆ ಕೆಲಸಕ್ಕೆ ಎಂಜಿನ್ನಿನಲ್ಲೇ ವಾಲ್ವುಗಳಿರುವಾಗ ಪ್ರತಿಯೊಂದು ಕಪ್ಲಿಂಗಿಗೂ ಒಂದೊಂದು ಏಕೆ? ಅದೂ ಬಾಯಿ ಕೆಳಗೆ ಮಾಡಿ? ನಮ್ಮ ರೈಲುಗಳಲ್ಲೂ ಇಂಥದ್ದು ಇತ್ತೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಬಾಯಿ ಕೆಳಗೆ ಏಕೆ ಎಂದು ಕೇಳಿದಿರಲ್ಲ, ಉತ್ತರದ ಎಳೆ ಇರುವುದೇ ಅಲ್ಲಿ. ಕುಕ್ಕರಿನ ಮೇಲಿನ ವೆಯ್ಟು ಒಳಗಿನ ಒತ್ತಡ ಮಿತಿಮೀರಿದಾಗ ಎದ್ದು ಉಗಿ ಬಿಡುತ್ತದೆ. ನೀವು ನೋಡಿದ ವಾಲ್ವಿನ ಸ್ವಭಾವ ಅದಕ್ಕೆ ತೀರಾ ವಿರುದ್ಧ. ಒಳಗೆ ಒತ್ತಡ ಇರುವಷ್ಟು ಹೊತ್ತು ಅದು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಒತ್ತಡ ಇಳಿದುಹೋದ ಮೇಲೆ ತಾನಾಗಿ ತೆರೆಯುತ್ತದೆ. ಅದು ಹೊರಗೆ ಬಿಡಬೇಕಾದದ್ದು ನೀರನ್ನು. ಆ ನೀರು ಅಲ್ಲೇ ನಿಂತರೆ ಹಿಮಗಾಲದ ರಾತ್ರಿ ಬೇಗನೆ ಮಂಜುಗಡ್ಡೆಯಾಗಿ ಪೈಪನ್ನು ಕಟ್ಟಿಬಿಡುತ್ತದೆ. ಅಲ್ಲಿಂದ ಹಿಂದಿನ ಬೋಗಿಗಳಿಗೆಲ್ಲ ಚಳಿಯೇ ಗತಿ.

ಇಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ತಲೆಕೆಡಿಸಿಕೊಂಡದ್ದೇಕೆ ಎಂದು ತಿಳಿಯಬೇಕಾದರೆ ಉಗಿ ಬರುವ ಮುಂಚೆ ಬೋಗಿಗಳು ಹೇಗೆ ಬೆಚ್ಚಗಾಗುತ್ತಿದ್ದವು ಎಂಬುದನ್ನು ನೋಡಬೇಕು. ಅಮೆರಿಕದ ರೈಲುಗಳಲ್ಲಿ ಬೋಗಿಯ ಒಳಗೇ ಕಬ್ಬಿಣದ ಒಲೆ ಇರುತ್ತಿತ್ತು. 1842ರಲ್ಲಿ ಆ ದೇಶ ಸುತ್ತಿದ ಚಾರ್ಲ್ಸ್ ಡಿಕನ್ಸ್, ಬೋಗಿಯ ನಡುವೆ ಕೆಂಪಗೆ ಕಾದು ಕೂತ ಒಲೆಯನ್ನೂ ಅದರಿಂದಾಗುವ ಉಸಿರುಕಟ್ಟುವ ಸೆಖೆಯನ್ನೂ ಬಣ್ಣಿಸಿದ್ದಾನೆ. ಒಲೆಯ ಪಕ್ಕ ಕೂತವರಿಗೆ ಬೆವರು, ಬಾಗಿಲ ಬಳಿ ಕೂತವರಿಗೆ ನಡುಕ. ಅದನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಬೋಗಿಗಳು ಮರದವು, ಸೀಟುಗಳು ಬಟ್ಟೆಯವು, ದೀಪಗಳು ಎಣ್ಣೆಯವು. ಹಳಿ ತಪ್ಪಿ ಬೋಗಿ ಮಗುಚಿದರೆ ಒಲೆಯೂ ಮಗುಚುತ್ತಿತ್ತು.

1867ರ ಡಿಸೆಂಬರ್ 18ರಂದು ನ್ಯೂಯಾರ್ಕ್ ರಾಜ್ಯದ ಆ್ಯಂಗೋಲಾ ಎಂಬ ಊರಿನ ಬಳಿ ಹಿಂದಿನ ಬೋಗಿಗಳು ಹಳಿ ತಪ್ಪಿ, ಒಂದು ಬೋಗಿ ಸೇತುವೆಯಿಂದ ಕೆಳಗುರುಳಿತು. ಒಲೆಯ ಕೆಂಡ ಚೆಲ್ಲಿ ಬೆಂಕಿ ಹತ್ತಿಕೊಂಡಿತು. ಸುಮಾರು 50 ಜನ ಸತ್ತರು. 1876ರ ಡಿಸೆಂಬರ್ 29ರಂದು ಓಹಾಯೋದ ಆಷ್ಟಬ್ಯುಲಾದಲ್ಲಿ ಹಿಮಬಿರುಗಾಳಿಯ ರಾತ್ರಿ ನದಿಯ ಮೇಲಿನ ಕಬ್ಬಿಣದ ಸೇತುವೆ ಕುಸಿದು ರೈಲಿನ ಬೋಗಿಗಳೆಲ್ಲ ಕೆಳಗೆ ಬಿದ್ದವು. ಅಲ್ಲೂ ಒಲೆ ಮತ್ತು ದೀಪಗಳ ಬೆಂಕಿ. ಸತ್ತವರು 90ಕ್ಕೂ ಹೆಚ್ಚು. 1887ರ ಫೆಬ್ರವರಿ 5ರಂದು ವರ್ಮಾಂಟಿನಲ್ಲಿ ವೈಟ್ ನದಿಯ ಸೇತುವೆಯಿಂದ ಬೋಗಿಗಳು ಹೆಪ್ಪುಗಟ್ಟಿದ ನದಿಯ ಮೇಲೆ ಬಿದ್ದು ಉರಿದುಹೋದಾಗ 30ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬಿದ್ದ ಏಟಿಗೆ ಸಾಯದೆ ಉಳಿದಿದ್ದವರು, ಮುರಿದ ಮರದ ನಡುವೆ ಕೈಕಾಲು ಸಿಕ್ಕಿಕೊಂಡು, ಬೆಂಕಿ ತಮ್ಮತ್ತ ಬರುವುದನ್ನು ನೋಡುತ್ತಾ ಸತ್ತರು. ಈ ವಿವರ ಓದುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಜನರ ಕೋಪ ಪತ್ರಿಕೆಗಳಿಂದ ಶಾಸನಸಭೆಗಳಿಗೆ ಹರಿಯಿತು. ಅದೇ 1887ರಲ್ಲಿ ನ್ಯೂಯಾರ್ಕ್ ರಾಜ್ಯ ಪ್ಯಾಸೆಂಜರ್ ಬೋಗಿಗಳಿಂದ ಒಲೆಗಳನ್ನು ತೆಗೆಸುವ ಕಾನೂನು ಮಾಡಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು.

ನಡುವೆ ಬೇಕರ್ ಹೀಟರ್ ಎಂಬ ಉಪಾಯವೂ ಬಂದಿತ್ತು. ಬೋಗಿಯ ಮೂಲೆಯಲ್ಲಿ ಗಟ್ಟಿ ಕವಚದೊಳಗೆ ಒಲೆ, ಅದರಿಂದ ಹೊರಟು ಸೀಟುಗಳ ಕೆಳಗೆ ಸುತ್ತಿಬರುವ ಬಿಸಿನೀರಿನ ಪೈಪು. ಹೆಪ್ಪುಗಟ್ಟದಿರಲೆಂದು ಆ ನೀರಿಗೆ ಉಪ್ಪು ಬೆರೆಸುತ್ತಿದ್ದರು. ಜಾಣತನದ್ದೇ, ಆದರೆ ಬೆಂಕಿ ಬೋಗಿಯಲ್ಲೇ ಉಳಿಯಿತು.

ಬೆಂಕಿಯನ್ನು ಪ್ರಯಾಣಿಕರ ಬಳಿಯಿಂದ ಪೂರ್ತಿ ತೆಗೆಯಬೇಕಾದರೆ ಉಳಿದ ದಾರಿ ಒಂದೇ. ಎಂಜಿನ್ನಿನಲ್ಲಿ ಹೇಗೂ ಉಗಿ ಇದೆ. ಒಂದು ವಾಲ್ವಿನಿಂದ ಅದರ ಒತ್ತಡ ತಗ್ಗಿಸಿ, ರೈಲಿನ ಉದ್ದಕ್ಕೂ ಬೋಗಿಗಳ ಅಡಿಯಲ್ಲಿ ಪೈಪು ಹಾಕಿ ಹಿಂದಕ್ಕೆ ಕಳಿಸುವುದು. ಬ್ರಿಟನ್ನಿನ ರೈಲುಗಳಲ್ಲಿ ಈ ಪೈಪಿನ ಒತ್ತಡ ಸಾಮಾನ್ಯವಾಗಿ ಚದರ ಇಂಚಿಗೆ 40–50 ಪೌಂಡಿನಷ್ಟಿತ್ತು. ಕೇಳಲು ಸರಳ. ಆದರೂ ರೈಲು ಕಂಪನಿಗಳು ಹಿಂಜರಿದವು. ಎಳೆಯುವ ಶಕ್ತಿಯಲ್ಲಿ ಪಾಲು ಹೋಗುತ್ತದೆ ಎಂಬ ಚಿಂತೆ ಒಂದು. ಒಂದು ಕಂಪನಿಯ ಕಪ್ಲಿಂಗು ಇನ್ನೊಂದರದಕ್ಕೆ ಕೂಡುವುದಿಲ್ಲ ಎಂಬ ತಕರಾರು ಇನ್ನೊಂದು. ಇವೆರಡೂ ಬಗೆಹರಿಯುವಂಥವೇ. ನಿಜವಾದ ಗಂಟು ಬೋಗಿಗಳ ನಡುವಿನ ಆ ಒಂದೆರಡು ಮೊಳದ ಹೋಸಿನಲ್ಲಿತ್ತು.

ಉಗಿ ಬೋಗಿಯನ್ನು ಬೆಚ್ಚಗಾಗಿಸುವುದು ತಾನು ನೀರಾಗುವ ಮೂಲಕ. 100 ಡಿಗ್ರಿ ಸೆಲ್ಷಿಯಸ್‌ನ ಒಂದು ಕಿಲೋ ಉಗಿ ಅದೇ ಬಿಸಿಯ ನೀರಾಗುವಾಗ ಸುಮಾರು 2,257 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಅಂದರೆ ಬೋಗಿಯ ಒಳಗೆ ಬಂದ ಬೆಚ್ಚನೆಯ ಪ್ರತಿ ಅಂಶಕ್ಕೂ ಪೈಪಿನೊಳಗೆ ಒಂದಿಷ್ಟು ನೀರು ಹುಟ್ಟಲೇಬೇಕು. ಕೊರೆಯುವ ಚಳಿಯಲ್ಲಿ ಒಂದು ಬೋಗಿಗೆ 50 ಕಿಲೋವ್ಯಾಟ್ ಶಾಖ ಬೇಕು ಎಂದು ಲೆಕ್ಕಕ್ಕೆ ಹಿಡಿದರೆ, ಗಂಟೆಗೆ 80 ಲೀಟರ್ ನೀರು. ಬೋಗಿಯೊಳಗಿನ ನೀರನ್ನು ಹೊರಹಾಕಲು ಅಲ್ಲಿಯೇ ಬೇರೆ ಏರ್ಪಾಡು ಇರುತ್ತದೆ. ಆದರೆ ಉದ್ದದ ಮುಖ್ಯ ಪೈಪಿನಲ್ಲೂ ಹೊರಗಿನ ಚಳಿಗೆ ನೀರು ಕಟ್ಟಿಕೊಳ್ಳುತ್ತಲೇ ಇರುತ್ತದೆ.

ಆ ನೀರು ಹರಿದು ಸೇರುವುದೆಲ್ಲಿಗೆ? ಪೈಪಿನ ಅತಿ ತಗ್ಗಿನ ಜಾಗಕ್ಕೆ. ರೈಲು ತಿರುವಿನಲ್ಲಿ ಬಾಗುವಾಗ ಎರಡು ಬೋಗಿಗಳ ನಡುವಿನ ಅಂತರ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಹೋಸನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಮೊದಲ ತಿರುವಿನಲ್ಲೇ ಕಿತ್ತುಬರುತ್ತದೆ. ಹಾಗಾಗಿ ಅದನ್ನು ಸಡಿಲವಾಗಿ ಇಳಿಬಿಡಲೇಬೇಕು. ಆ ಕಡೆಯ ಹೋಸು, ಈ ಕಡೆಯ ಹೋಸು ಎರಡೂ ಇಳಿದುಬಂದು, ಅವುಗಳ ಲೋಹದ ತಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಜಾಗವೇ ಎಲ್ಲಕ್ಕಿಂತ ತಗ್ಗು. ಮೇಲೆ ಬೋಗಿಯ ಮರೆಯಿಲ್ಲ, ಸುತ್ತ ಬೀಸುಗಾಳಿ, ಕೆಳಗಿನಿಂದ ಹಾರುವ ಹಿಮ. ಅತಿ ಹೆಚ್ಚು ನೀರು ನಿಲ್ಲುವ ಜಾಗವೂ ಅತಿ ಹೆಚ್ಚು ಚಳಿ ತಾಗುವ ಜಾಗವೂ ಒಂದೇ ಆಗಿಬಿಟ್ಟಿತು.

ರೈಲು ಓಡುವಾಗ, ಉಗಿ ರಭಸದಿಂದ ಹರಿಯುವಾಗ, ತೊಂದರೆ ಕಡಿಮೆ. ಕಟ್ಟಿಕೊಂಡ ನೀರನ್ನು ಉಗಿಯೇ ತಳ್ಳಿಕೊಂಡು ಹಿಂದಕ್ಕೆ ಒಯ್ಯುತ್ತದೆ. ಕೊನೆಯ ಬೋಗಿಯ ಹಿಂಬದಿಯ ವಾಲ್ವನ್ನು ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ತೆರೆದಿಡುತ್ತಿದ್ದದ್ದು ಇದಕ್ಕೇ. ಹಳೆಯ ಫೋಟೋಗಳಲ್ಲಿ ರೈಲಿನ ಬಾಲದಲ್ಲಿ ಬಿಳಿ ಉಗಿ ಹಾರುವುದು ಕಾಣುತ್ತದಲ್ಲ, ಅದು ಸೋರಿಕೆಯೇ ಆಗಿರಬೇಕಿಲ್ಲ. ಕಷ್ಟ ಶುರುವಾಗುವುದು ಎಂಜಿನ್ ಬದಲಿಸಲು ಜಂಕ್ಷನ್ನಿನಲ್ಲಿ ಉಗಿ ನಿಲ್ಲಿಸಿದಾಗ. ಪೈಪಿನಲ್ಲಿದ್ದ ಉಗಿಯೆಲ್ಲ ತಣ್ಣಗಾಗಿ ನೀರಾಗಿ ಇಳಿದುಬಂದು ಕಪ್ಲಿಂಗಿನಲ್ಲಿ ಕೂಡುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಒತ್ತಾಯಕ್ಕೆ ಎರಕದ ಕಬ್ಬಿಣವೂ ಸೀಳುತ್ತದೆ. ಸೀಳದಿದ್ದರೂ ದಾರಿ ಬಂದ್. ಹೊಸ ಎಂಜಿನ್ ಬಂದು ಉಗಿ ಬಿಟ್ಟರೆ ಅದು ಮಂಜುಗಡ್ಡೆಯ ಗೋಡೆಗೆ ಬಂದು ನಿಲ್ಲುತ್ತದೆ, ಅಷ್ಟೆ. ಆಗ ರೈಲಿನ ಕೆಲಸಗಾರರು ಎಣ್ಣೆಬಟ್ಟೆಗೆ ಬೆಂಕಿ ಹಚ್ಚಿ ಹಿಡಿದು, ಬೋಗಿಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೋಸನ್ನು ಕಾಯಿಸಬೇಕಿತ್ತು. ಬೋಗಿಯಿಂದ ಹೊರಹಾಕಿದ ಬೆಂಕಿ ಬೋಗಿಯ ಅಡಿಗೆ ಬಂದಂತಾಯಿತು.

ಈಗ ನಿಮ್ಮ ವಾಲ್ವಿಗೆ ಬರೋಣ. ಹಲವು ಜನ ಹಲವು ಬಗೆಯಲ್ಲಿ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಮುಂದೆ ಅಮೆರಿಕದಲ್ಲಿ ಇದಕ್ಕೆ ಪೇಟೆಂಟುಗಳು ಸಾಲುಸಾಲಾಗಿ ಬಂದವು. ಸ್ಪ್ರಿಂಗಿನ ಬಗೆಯದನ್ನೇ ಹತ್ತಿರದಿಂದ ನೋಡಿ. ಕಪ್ಲಿಂಗಿನ ತಲೆಯ ಹೊಟ್ಟೆಯಲ್ಲಿ, ಅತಿ ಕೆಳಗೆ, ಥ್ರೆಡ್ ಇರುವ ಒಂದು ರಂಧ್ರ. ಅದರಲ್ಲಿ ತಿರುಗಿಸಿ ಕೂರಿಸಿದ ಹಿತ್ತಾಳೆಯ ಬಿರಡೆ, ಬಿರಡೆಯ ನಡುವೆ ನೀರು ಹೋಗುವ ತೂತು. ತೂತಿನ ಒಳಬಾಯಿಗೆ ಒಂದು ಪುಟ್ಟ ಬಿಲ್ಲೆ ಮುಚ್ಚಳ. ಅದನ್ನು ಕೆಳಗಿನಿಂದ ಮೃದುವಾದ ಸ್ಪ್ರಿಂಗೊಂದು ಮೇಲಕ್ಕೆತ್ತಿ ಹಿಡಿದಿರುತ್ತದೆ. ಉಗಿ ಇಲ್ಲದಾಗ ಬಿಲ್ಲೆ ಎದ್ದಿರುತ್ತದೆ, ತೂತು ತೆರೆದಿರುತ್ತದೆ. ಉಗಿ ಬಂದು ಒತ್ತಡ ಏರಿದಂತೆ ಅದು ಬಿಲ್ಲೆಯನ್ನು ಮೇಲಿನಿಂದ ಅದುಮಿ ತೂತಿನ ಬಾಯಿಗೆ ಕೂರಿಸುತ್ತದೆ. ಉಗಿ ತಾನು ಹೊರಹೋಗುವ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಲೆಕ್ಕ ಹಾಕಿದರೆ ಇದರ ಸೊಗಸು ಇನ್ನೂ ಚೆನ್ನಾಗಿ ಕಾಣುತ್ತದೆ. ಬಿಲ್ಲೆಯ ವ್ಯಾಸ ಅರ್ಧ ಇಂಚು ಇರಲಿ. ಅದರ ವಿಸ್ತೀರ್ಣ ಚದರ ಇಂಚಿನ ಐದನೇ ಒಂದು ಭಾಗದ ಆಸುಪಾಸು. ಪೈಪಿನಲ್ಲಿ ಚದರ ಇಂಚಿಗೆ 40 ಪೌಂಡ್ ಒತ್ತಡವಿದ್ದಾಗ ಬಿಲ್ಲೆಯ ಮೇಲೆ ಬೀಳುವ ಭಾರ ಸುಮಾರು 8 ಪೌಂಡ್. ಸ್ಪ್ರಿಂಗಿನ ಬಲ 1 ಪೌಂಡ್ ಆದರೆ ಬಿಲ್ಲೆ ಅಲ್ಲಾಡುವುದಿಲ್ಲ. ಒತ್ತಡ 5 ಪೌಂಡಿಗಿಂತ ಕೆಳಗಿಳಿದಾಗ ಮಾತ್ರ ಸ್ಪ್ರಿಂಗು ಗೆಲ್ಲುತ್ತದೆ. ಅಂದರೆ ಓಡುವ ರೈಲಿನಲ್ಲಿ ಉಗಿ ಪೋಲಾಗುವುದಿಲ್ಲ. ಉಗಿ ನಿಲ್ಲಿಸಿದಾಗ ಯಾರೂ ಬಂದು ಮುಟ್ಟದೆ, ನೀರು ಇನ್ನೂ ಬಿಸಿಯಿರುವಾಗಲೇ ಬಾಗಿಲು ತೆರೆಯುತ್ತದೆ. ಹನ್ನೆರಡು ಬೋಗಿಗಳ ರೈಲಿನಲ್ಲಿ ಅಷ್ಟೂ ಕಪ್ಲಿಂಗುಗಳಿಗೆ ರಾತ್ರಿ ಹೊತ್ತು ಒಬ್ಬ ಮನುಷ್ಯ ಹೋಗಿ ನಲ್ಲಿ ತಿರುಗಿಸುವುದು ಆಗದ ಮಾತು. ಪ್ರತಿಯೊಂದಕ್ಕೂ ಒಂದೊಂದು ಏಕೆ ಎಂದು ಕೇಳಿದಿರಲ್ಲ, ಪ್ರತಿಯೊಂದು ಜೋಡಣೆಯೂ ತನ್ನಷ್ಟಕ್ಕೆ ಒಂದು ತಗ್ಗು. ಒಂದರ ನೀರು ಇನ್ನೊಂದರಿಂದ ಹೋಗಲಾರದು.

ಅದೇ ತೂತಿನಿಂದ ಇನ್ನೂ ಎರಡು ಉಪಕಾರಗಳಾಗುತ್ತವೆ. ಉಗಿ ನೀರಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಕುಗ್ಗುತ್ತದೆ. ಪೈಪು ಎಲ್ಲ ಕಡೆ ಮುಚ್ಚಿದ್ದರೆ ಒಳಗೆ ನಿರ್ವಾತ ಉಂಟಾಗಿ ಗ್ಯಾಸ್ಕೆಟ್ಟುಗಳನ್ನು ಒಳಕ್ಕೆ ಸೆಳೆಯುತ್ತದೆ, ನೀರೂ ಸರಾಗವಾಗಿ ಇಳಿಯುವುದಿಲ್ಲ. ತೆರೆದ ವಾಲ್ವಿನಿಂದ ಗಾಳಿ ಒಳಬಂದು ಅದನ್ನು ತಪ್ಪಿಸುತ್ತದೆ. ಇನ್ನೊಂದು, ತಣ್ಣಗಿದ್ದ ರೈಲಿಗೆ ಮೊದಲು ಉಗಿ ಬಿಟ್ಟಾಗಿನದು. ಒತ್ತಡ ಏರುವ ತನಕ ವಾಲ್ವು ತೆರೆದೇ ಇರುವುದರಿಂದ ಒಳಗಿನ ತಣ್ಣನೆಯ ಗಾಳಿಯೂ ಮೊದಲ ನೀರೂ ಅಲ್ಲಿಂದಲೇ ಹೊರಬೀಳುತ್ತವೆ. ನಿಂತ ನೀರನ್ನು ಉಗಿ ರಭಸದಿಂದ ದೂಡಿ ಪೈಪಿನ ತಿರುವಿಗೆ ಬಡಿಸಿದಾಗ ಸುತ್ತಿಗೆಯೇಟಿನಂಥ ಹೊಡೆತ ಬೀಳುತ್ತದೆ, ಅದೂ ಕಡಿಮೆಯಾಗುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಬೋಗಿಗಳ ಸಂದಿಯಲ್ಲಿ ನುಗ್ಗಿ ಹೋಸು ಬಿಚ್ಚುವವನ ಮುಖಕ್ಕೂ ಕೈಗೂ ಇದರಿಂದ ಆದ ರಕ್ಷಣೆಗೆ. ಎರಡೂ ಕಡೆಯ ನಲ್ಲಿ ಮುಚ್ಚಿದ ಮೇಲೂ ನಡುವಿನ ಹೋಸಿನಲ್ಲಿ ಒಂದಷ್ಟು ಉಗಿ ಸಿಕ್ಕಿಕೊಂಡಿರುತ್ತದೆ. ಅದನ್ನು ಲೆಕ್ಕಿಸದೆ ಕಪ್ಲಿಂಗ್ ಬಿಚ್ಚಿದರೆ ಬೊಬ್ಬೆ ಏಳುವಂತೆ ಸುಡುತ್ತದೆ. ತಳದ ವಾಲ್ವಿನಿಂದ ಬಿಸಿನೀರು ತೊಟ್ಟಿಕ್ಕಲು ಶುರುವಾದರೆ ಒಳಗಿನ ಒತ್ತಡ ಇಳಿದಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಬಾಯಿ ಕೆಳಮುಖವಾಗಿರುವುದರಿಂದ ಅಳಿದುಳಿದ ಉಗಿ ನೆಲಕ್ಕೆ ಹೋಗುತ್ತದೆಯೇ ಹೊರತು ಬಗ್ಗಿ ನಿಂತವನ ಮೇಲೆ ನುಗ್ಗುವುದಿಲ್ಲ.

ದೋಷಗಳೂ ಇದ್ದವು. ಪೈಪಿನೊಳಗಿನ ತುಕ್ಕಿನ ಚೂರು ಬಂದು ಬಿಲ್ಲೆಯ ಅಡಿಗೆ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚದೆ ಉಗಿ ಸೋರುತ್ತಲೇ ಇರುತ್ತದೆ, ಹಿಂದಿನ ಬೋಗಿಗಳಿಗೆ ಒತ್ತಡ ಸಾಲದು. ಸ್ಪ್ರಿಂಗು ತುಕ್ಕು ಹಿಡಿದು ಕೂತರೆ ವಾಲ್ವು ಇದ್ದೂ ಇಲ್ಲದಂತೆ. ಸ್ಪ್ರಿಂಗಿನ ಗೋಜೇ ಬೇಡವೆಂದು ಕೆಲವರು ತನ್ನ ತೂಕಕ್ಕೆ ತಾನೇ ಬಿದ್ದು ತೆರೆದುಕೊಳ್ಳುವ ವಾಲ್ವು ಮಾಡಿದರು. ಇನ್ನು ಕೆಲವರು ಬಿಸಿಗೆ ಹಿಗ್ಗಿ ಮುಚ್ಚುವ, ತಣ್ಣಗಾದಾಗ ಕುಗ್ಗಿ ತೆರೆಯುವ ಬಗೆಯದನ್ನು ಮಾಡಿದರು. ಈ ಕೊನೆಯದಕ್ಕೆ ಒಂದು ಹೆಚ್ಚುಗಾರಿಕೆ ಇದೆ: ಒತ್ತಡವಿದ್ದಾಗಲೂ ತಣ್ಣಗಾದ ನೀರು ಕೂಡಿಕೊಂಡರೆ ಅದನ್ನು ಹೊರಹಾಕುತ್ತದೆ. ಆದರೆ ಹಿಮ, ಕೆಸರು, ಹೊಡೆತ ತಿನ್ನುವ ಆ ಜಾಗಕ್ಕೆ ಬಿಡಿಭಾಗ ಕಡಿಮೆಯಿದ್ದಷ್ಟೂ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಉಗಿ ಎಂಜಿನ್ನುಗಳು ಹೋದ ಮೇಲೂ ಈ ಪೈಪುಗಳು ಉಳಿದವು. ಬೋಗಿಗಳಿಗೆ ಉಗಿ ಬೇಕಲ್ಲ ಎಂದು ಡೀಸೆಲ್ ಎಂಜಿನ್ನಿನೊಳಗೇ ಸಣ್ಣ ಬಾಯ್ಲರ್ ಇಟ್ಟು ಓಡಿಸಿದರು. 1971ರಲ್ಲಿ ಶುರುವಾದ ಆ್ಯಮ್‌ಟ್ರ್ಯಾಕ್ ಸಂಸ್ಥೆಗೆ ಹಳೆಯ ಕಂಪನಿಗಳಿಂದ ಬಂದದ್ದು ಇಂಥ ಬೋಗಿಗಳೇ. 1976–77ರ ಭೀಕರ ಚಳಿಗಾಲದಲ್ಲಿ ಅವುಗಳ ಉಗಿಪೈಪುಗಳು ಹೆಪ್ಪುಗಟ್ಟಿ ಹಲವು ರೈಲುಗಳನ್ನು ರದ್ದು ಮಾಡಬೇಕಾಯಿತು. ಆಮೇಲೆ ಎಂಜಿನ್ನಿನಿಂದ ಕೇಬಲ್ಲಿನಲ್ಲಿ ಕರೆಂಟು ಕೊಟ್ಟು ಬೋಗಿ ಬೆಚ್ಚಗಿಡುವ ಪದ್ಧತಿಗೆ ಅವರು ಬೇಗಬೇಗ ಬದಲಾದರು. ಬ್ರಿಟನ್, ಕೆನಡಾಗಳಲ್ಲೂ ಹಾಗೆಯೇ ಆಯಿತು. ಕೇಬಲ್ಲಿನಲ್ಲಿ ನಿಲ್ಲಲು ನೀರೇ ಇಲ್ಲ. ವಾಲ್ವಿನ ಕೆಲಸವೂ ಅಲ್ಲಿಗೆ ಮುಗಿಯಿತು.

ನಮ್ಮ ಕಡೆಯ ಬೋಗಿಗಳಿಗೆ ಉಗಿಯ ಬೆಚ್ಚನೆ ಬೇಕಾಗಿರಲಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಎರಡು ಬೋಗಿಗಳ ನಡುವೆ ಈಗ ನೀವು ನೋಡುವ ಜೋಡಿ ಹೋಸುಗಳಲ್ಲಿ ಇರುವುದು ಬ್ರೇಕಿನ ಒತ್ತುಗಾಳಿ: ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ, ಫೀಡ್ ಪೈಪಿನಲ್ಲಿ 6 ಕಿಲೋ ಒತ್ತಡ. ಆ ಗಾಳಿಯಲ್ಲೂ ತೇವ ಇರುತ್ತದೆ, ಅದೂ ತಗ್ಗಿನಲ್ಲಿ ನೀರಾಗಿ ಕೂಡುತ್ತದೆ. ಬೋಗಿಯ ಅಡಿಯ ಗಾಳಿ ಟ್ಯಾಂಕುಗಳ ತಳದಲ್ಲಿ ನೀರು ಬಿಡಲು ನಲ್ಲಿ ಇರುವುದು ಅದಕ್ಕಾಗಿಯೇ. ಹೆಪ್ಪುಗಟ್ಟುವ ಸಮಸ್ಯೆ ನಿಜವಾಗಿ ಇರುವುದು ಕಾಶ್ಮೀರದಲ್ಲಿ. 2025ರ ಜೂನ್‌ನಲ್ಲಿ ಕಟ್ರಾ–ಶ್ರೀನಗರ ನಡುವೆ ಶುರುವಾದ ವಂದೇ ಭಾರತ್ ರೈಲಿನಲ್ಲಿ ಪ್ರಯಾಣಿಕರಿಗೆ ಹೀಟರ್ ಇರುವುದಲ್ಲದೆ, ನೀರಿನ ಟ್ಯಾಂಕು ಮತ್ತು ಶೌಚಾಲಯದ ಟ್ಯಾಂಕುಗಳು ಹೆಪ್ಪುಗಟ್ಟದಂತೆ ಅವುಗಳಿಗೂ ಕರೆಂಟಿನಿಂದ ಬಿಸಿ ಕೊಡುವ ಏರ್ಪಾಡು ಮಾಡಿದ್ದಾರೆ.