ಗುಡುಗುವ ಸಂಜೆ, ಅಜ್ಜಿಯ ಮಡಿಲು



ಏಪ್ರಿಲ್ ನಡುವಿನಲ್ಲಿ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಅಶ್ವಿನಿ, ಭರಣಿ ಮಳೆಗಳ ಕಾಲವೂ ಅದೇ. ಹಗಲೆಲ್ಲ ಸುಡುಬಿಸಿಲು, ಸಂಜೆಯಾದರೆ ಮೋಡ ಕವಿದು ಬಿರುಗಾಳಿ, ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಇದೇ ದಿನಗಳಲ್ಲಿ ಎಷ್ಟೋ ದಂಪತಿಗಳು ಮಕ್ಕಳನ್ನು ಊರಿನಲ್ಲಿ ಅಜ್ಜ ಅಜ್ಜಿಯ ಬಳಿ ಬಿಟ್ಟು ನಾಲ್ಕೈದು ದಿನ ಪ್ರವಾಸ ಹೋಗಿಬರುತ್ತಾರೆ. ಅದರಲ್ಲಿ ತಪ್ಪಿಲ್ಲ. ವರ್ಷವಿಡೀ ದುಡಿಯುವ ಗಂಡ ಹೆಂಡಿರು ಒಬ್ಬರಿಗೊಬ್ಬರು ಸಮಯ ಕೊಡುವುದು ಇಡೀ ಕುಟುಂಬಕ್ಕೆ ಒಳ್ಳೆಯದು.

ಆದರೆ ಆ ದಿನಗಳಲ್ಲೊಂದು ಸಂಜೆ ಕರೆಂಟು ಹೋಗಿ, ಹೆಂಚಿನ ಮೇಲೆ ಮಳೆ ಬಡಿದು, ಫೋನೂ ಸಿಗದೆ, ಐದು ವರ್ಷದ ಮಗು ಅಜ್ಜಿಯ ಸೆರಗು ಹಿಡಿದು 'ಅಮ್ಮ ಯಾವಾಗ ಬರ್ತಾಳೆ?' ಎಂದು ಅಳತೊಡಗಿದರೆ? ಆಗ ಅಜ್ಜಿ ಕೊಡುವ ಉತ್ತರವನ್ನು ಮಗು ಬಹುಕಾಲ ಮರೆಯಲಿಕ್ಕಿಲ್ಲ.

ಸಾಮಾನ್ಯವಾಗಿ ಎರಡು ಉತ್ತರಗಳು ನಮ್ಮ ಬಾಯಿಗೆ ಬರುತ್ತವೆ. ಎರಡೂ ಸರಿಯಲ್ಲ.

ಮೊದಲನೆಯದು: 'ಬೆಳಿಗ್ಗೆ ಹಠ ಮಾಡಿದೆಯಲ್ಲ, ದೇವರಿಗೆ ಕೋಪ ಬಂದಿದೆ.' ಮಗು ಸುಮ್ಮನಾಗಬಹುದು. ಆದರೆ ಅಂದಿನಿಂದ ಅದರ ಪಾಲಿಗೆ ದೇವರೆಂದರೆ ಕತ್ತಲಲ್ಲಿ ಗುರಿಯಿಟ್ಟು ಹೊಡೆಯುವವನು. ಗುಡುಗು ದೇವರ ಮಹಿಮೆಯನ್ನು ಸಾರುತ್ತದೆಂದು ಕೀರ್ತನೆಗಳು ಹಾಡುತ್ತವೆ, ನಿಜ. ಮಗುವಿನ ಹಠಕ್ಕೆ ಸಿಡಿಲು ಶಿಕ್ಷೆಯೆಂದು ಅವು ಹೇಳುವುದಿಲ್ಲ. ಹೋರೇಬ್ ಬೆಟ್ಟದಲ್ಲಿ ನಿಂತ ಪ್ರವಾದಿ ಎಲೀಯನನ್ನು ನೆನೆಯಿರಿ. ಬಿರುಗಾಳಿ ಬೀಸಿತು, ಭೂಮಿ ನಡುಗಿತು, ಬೆಂಕಿ ಕಾಣಿಸಿತು; ದೇವರು ಅವುಗಳಲ್ಲಿರಲಿಲ್ಲ. ಕೊನೆಗೆ ಬಂದ ಮೆಲುದನಿಯಲ್ಲಿ ಎಲೀಯನು ಅವರನ್ನು ಗುರುತಿಸಿ ಮುಖ ಮುಚ್ಚಿಕೊಂಡನು.

ಎರಡನೆಯದು: 'ಏನೂ ಇಲ್ಲ, ಅಮ್ಮ ಈಗ ಬಂದುಬಿಡ್ತಾಳೆ.' ಅಮ್ಮ ಬರುವುದು ಭಾನುವಾರ ಎಂದು ಅಜ್ಜಿಗೆ ಗೊತ್ತು. ಒಂದು ಗಂಟೆಯಲ್ಲಿ ಮಗುವಿಗೂ ಗೊತ್ತಾಗುತ್ತದೆ. ಗುಡುಗಿನ ಹೆದರಿಕೆಯ ಜೊತೆಗೆ ಈಗ ಅಜ್ಜಿಯ ಮಾತಿನ ಮೇಲಿನ ಅಪನಂಬಿಕೆಯೂ ಸೇರಿತು.

ಹಾಗಾದರೆ ಹೇಳಬೇಕಾದದ್ದೇನು? ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ತೆರೆಯಿರಿ. ದೋಣಿಯೊಳಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿ ನಿದ್ರಿಸುತ್ತಿದ್ದಾರೆ. ಶಿಷ್ಯರು ಅವರನ್ನು ಎಬ್ಬಿಸಿ ಕೇಳುವುದು ಗಾಳಿ ಯಾಕೆ ಬಂತೆಂದಲ್ಲ. ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ ಎಂದು. ಮಗುವಿನ ಅಳುವಿನಲ್ಲಿರುವ ಪ್ರಶ್ನೆಯೂ ಅದೇ. ಅದಕ್ಕೆ ಬೇಕಾದ್ದು ಹವಾಮಾನದ ವಿವರಣೆಯಲ್ಲ, ತನ್ನ ಚಿಂತೆ ಯಾರಿಗಾದರೂ ಇದೆಯೇ ಎಂಬ ಖಾತ್ರಿ. 'ನನಗೂ ಸ್ವಲ್ಪ ಹೆದರಿಕೆ ಮಗೂ. ಅಮ್ಮ ಭಾನುವಾರ ಬರ್ತಾಳೆ. ಅಲ್ಲಿಯವರೆಗೆ ನಾನು, ಅಜ್ಜ ಇಲ್ಲೇ ಇರ್ತೇವೆ' ಎಂದರೆ ಸುಳ್ಳಿಲ್ಲ, ಕೊರತೆಯೂ ಇಲ್ಲ.

ಧೈರ್ಯದ ಮುಖ್ಯ ಕ್ರಿಯೆ ಮೇಲೆರಗಿ ಹೋರಾಡುವುದಲ್ಲ, ಅಪಾಯದ ನಡುವೆ ಅಲುಗದೆ ನಿಲ್ಲುವುದು ಎಂದು 13ನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಎಪ್ಪತ್ತರ ಅಜ್ಜಿ ಗಾಳಿಯನ್ನು ತಡೆಯಲಾರಳು, ಕರೆಂಟು ತರಲಾರಳು. ಆದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಜಪಸರ ಹಿಡಿದು ಕುಳಿತಿರಬಲ್ಲಳು. ಅದೇ ಅವಳ ಧೈರ್ಯ. ಮಗುವಿಗೆ ಅದೇ ಧರ್ಮೋಪದೇಶದ ಮೊದಲ ಪಾಠ. ತಿಮೊಥೇಯನ ವಿಶ್ವಾಸ ಮೊದಲು ನೆಲೆಸಿದ್ದು ಅವನ ಅಜ್ಜಿ ಲೋವಿಯಲ್ಲಿ ಎಂದು ಸಂತ ಪೌಲರು ಹೆಸರು ಹಿಡಿದು ನೆನೆಯುತ್ತಾರೆ.

ದೇವರ ಮೇಲಿನ ಭರವಸೆ ಎಚ್ಚರಿಕೆಯನ್ನು ಬಿಡಿಸುವುದಿಲ್ಲ. ಗುಡುಗು ಕೇಳಿಸಿತೆಂದರೆ ಸಿಡಿಲು ಎಟಕುವ ದೂರದಲ್ಲಿದೆ ಎಂದರ್ಥ. ಮಕ್ಕಳನ್ನು ಒಳಗೆ ಕರೆಯಿರಿ. ಗಾಳಿಗೆ ಉದುರಿದ ಮಾವಿನಕಾಯಿ ಹೆಕ್ಕಲು ಬಿಡಬೇಡಿ. ಮರದಡಿ, ಜಗಲಿಯ ಅಂಚಿನಲ್ಲಿ, ಕಿಟಕಿಯ ಬಳಿ ನಿಲ್ಲಬಾರದು. ಟಿವಿ, ಫ್ರಿಜ್‌ಗಳ ಪ್ಲಗ್ಗನ್ನು ಮೊದಲೇ ಕಿತ್ತಿಡಿ. ಆ ಹೊತ್ತಿನಲ್ಲಿ ನಲ್ಲಿಯಡಿ ಸ್ನಾನ, ಪಾತ್ರೆ ತೊಳೆಯುವುದು ಬೇಡ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾದು ಹೊರಬನ್ನಿ. ತುಂಡಾಗಿ ಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ತುರ್ತು ನೆರವಿಗೆ 112. ಸಿಡಿಲು ಬಡಿದವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಿ ಉಪಚರಿಸಬಹುದು. ಆಶೀರ್ವದಿಸಿದ ಮೇಣದ ಬತ್ತಿಯನ್ನು ಹಚ್ಚುವ ಮನೆಯವರು ಅದನ್ನು ಪರದೆಯಿಂದ ದೂರವಿಡಿ, ಮಗುವಿನ ಕೈಗೆ ಟಾರ್ಚ್ ಕೊಡಿ.

ಅಜ್ಜಂದಿರಿಗೊಂದು ಕೆಲಸವಿದೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಮೊಮ್ಮಗನೊಂದಿಗೆ ಸೆಕೆಂಡು ಎಣಿಸಿ. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು. 9 ಎಣಿಸಿದರೆ ಸಿಡಿಲು 3 ಕಿಲೋಮೀಟರ್ ದೂರ. ಎಣಿಸುವ ಮಗುವಿನ ಹೆದರಿಕೆ ಮೆಲ್ಲನೆ ಬೆರಗಾಗುತ್ತದೆ.

ಇನ್ನು ತಂದೆ ತಾಯಂದಿರೇ, ನಿಮಗೆ ನಾಲ್ಕು ಮಾತು. ಅಜ್ಜ ಅಜ್ಜಿ ಸಂಬಳವಿಲ್ಲದ ಆಯಾಗಳಲ್ಲ. ಟಿಕೆಟ್ ತೆಗೆಸಿದ ಮೇಲೆ ತಿಳಿಸುವುದಲ್ಲ, ಅದಕ್ಕೂ ಮೊದಲು 'ನಿಮ್ಮಿಂದ ಆಗುತ್ತದೆಯೇ?' ಎಂದು ಕೇಳಿ. ಆಗದು ಎನ್ನುವ ಸ್ವಾತಂತ್ರ್ಯ ಅವರಿಗಿರಲಿ. ಮಗುವಿನ ಔಷಧಿಯ ಜೊತೆಗೆ ಅವರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ತಂದಿಡಿ. ಪಕ್ಕದ ಮನೆಯವರಿಗೆ ವಿಷಯ ತಿಳಿಸಿ. ಫೋನ್ ನಂಬರುಗಳನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮಗು ಮಲಗಿದ್ದಾಗ ಕದ್ದು ಹೊರಡಬೇಡಿ. ಹೇಳಿ, ಮುದ್ದಿಸಿ, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹೊರಡಿ. ಮಳೆ ಬರುವ ಸಂಜೆಗೆ ಕಾಯದೆ ಮಧ್ಯಾಹ್ನವೇ ಫೋನ್ ಮಾಡಿ.

ಮರಿಯಮ್ಮನವರ ತಂದೆ ತಾಯಿ ಸಂತ ಜೋವಾಕಿಮ್ ಮತ್ತು ಅನ್ನಮ್ಮನವರ ಸ್ಮರಣೆ ಜುಲೈ 26ರಂದು. ಅದಕ್ಕೆ ಸಮೀಪದ ಜುಲೈ ನಾಲ್ಕನೆಯ ಭಾನುವಾರವನ್ನು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವೆಂದು ಸಾರಿದರು. ಆ ದಿನ ಹೂಗುಚ್ಛ ಕೊಡುವುದು ಚೆನ್ನ. ಬೇಸಿಗೆಯಲ್ಲಿ ಅವರ ಹೆಗಲಿಗೇರಿಸುವ ಭಾರವನ್ನು ಹಗುರ ಮಾಡಿಕೊಡುವುದು ಇನ್ನೂ ಚೆನ್ನ.

ಕುಟುಂಬದಲ್ಲಿ ಚರ್ಚಿಸಲು:
1. ಮಕ್ಕಳನ್ನು ಸುಮ್ಮನಾಗಿಸಲು ನಾವು ದೇವರ ಹೆಸರನ್ನು ಬೆದರಿಕೆಯಾಗಿ ಬಳಸುತ್ತೇವೆಯೇ?
2. ನಮ್ಮ ಮನೆಯ ಹಿರಿಯರಿಗೆ 'ಆಗದು' ಎಂದು ಹೇಳುವ ಸ್ವಾತಂತ್ರ್ಯವಿದೆಯೇ?
3. ಇಂದು ರಾತ್ರಿ ಕರೆಂಟು ಹೋದರೆ ಟಾರ್ಚ್ ಎಲ್ಲಿದೆ ಎಂದು ಅಜ್ಜಿಗೆ ಗೊತ್ತೇ?