ಎರಡನೇ ಸಲವೂ ರಾಷ್ಟ್ರಪತಿ

ಪ್ರಶ್ನೆ: ಬಾಬು ರಾಜೇಂದ್ರ ಪ್ರಸಾದರನ್ನು ಬಿಟ್ಟರೆ ಯಾರೂ ಎರಡು ಅವಧಿಗೆ ರಾಷ್ಟ್ರಪತಿ ಆಗಿಲ್ಲವಲ್ಲ, ಇದಕ್ಕೆ ಕಾನೂನಿನ ಅಡ್ಡಿಯಿದೆಯೆ? ಅವರ ಎರಡನೇ ಅವಧಿಯಲ್ಲಿ ವಿಶೇಷವೇನಾದರೂ ನಡೆಯಿತೆ?

ಉತ್ತರ: ಅಡ್ಡಿಯಿಲ್ಲ. ರಾಷ್ಟ್ರಪತಿಯಾಗಿದ್ದವರು ಮತ್ತೆ ಸ್ಪರ್ಧಿಸಬಹುದೆಂದು ಸಂವಿಧಾನದ 57ನೇ ವಿಧಿಯೇ ಹೇಳುತ್ತದೆ. ಇಷ್ಟೇ ಸಲ ಎಂಬ ಮಿತಿಯೂ ಇಲ್ಲ. ಆದರೆ ಮತ ಹಾಕುವವರು ಸಂಸದರು, ಶಾಸಕರು. ಆಳುವ ಪಕ್ಷ ಕೈಹಿಡಿಯದಿದ್ದರೆ ಗೆಲುವು ಕಷ್ಟ. 2012ರಲ್ಲಿ ಅಬ್ದುಲ್ ಕಲಾಂ ಅವರ ಹೆಸರು ಮತ್ತೆ ಕೇಳಿಬಂದಾಗ ಅವರು ಕಣಕ್ಕಿಳಿಯಲು ಒಪ್ಪಲಿಲ್ಲ.

1957ರಲ್ಲೂ ದಾರಿ ಸಲೀಸಾಗಿರಲಿಲ್ಲ. ನೆಹರೂ ಅವರ ಒಲವು ಉಪರಾಷ್ಟ್ರಪತಿ ರಾಧಾಕೃಷ್ಣನ್ ಕಡೆಗಿತ್ತು. ಮೌಲಾನಾ ಆಜಾದರು ಪ್ರಸಾದರ ಬೆನ್ನಿಗೆ ನಿಂತರು, ಕಾಂಗ್ರೆಸ್ ಅವರನ್ನೇ ಆರಿಸಿತು. ಪಕ್ಷದೊಳಗಿನ ಜಗ್ಗಾಟ ಮುಗಿದ ಮೇಲೆ ಮತದಾನ ನಾಮಕಾವಸ್ಥೆಯಾಯಿತು: ಪ್ರಸಾದರಿಗೆ 4,59,698 ಮತಮೌಲ್ಯ, ಎದುರಾಳಿಗಳಿಬ್ಬರಿಗೂ ಸೇರಿ 4,672.

ಎರಡನೇ ಅವಧಿಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು 1960ರ ನವೆಂಬರ್ 28ರ ಭಾಷಣ. ದೆಹಲಿಯಲ್ಲಿ ಭಾರತೀಯ ಕಾನೂನು ಸಂಸ್ಥೆಯ ಕಟ್ಟಡಕ್ಕೆ ಶಂಕುಸ್ಥಾಪನೆ. ಮಾಮೂಲಿ ಶುಭಾಶಯ ಹೇಳಿ ಬರಬಹುದಾಗಿದ್ದ ಆ ಸಮಾರಂಭದಲ್ಲಿ ಪ್ರಸಾದರು ವಕೀಲರ ಮುಂದೆ ಒಂದು ಕಟ್ಟುನಿಟ್ಟಾದ ಪ್ರಶ್ನೆಯಿಟ್ಟರು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕೆಂದು ಸಂವಿಧಾನದಲ್ಲಿ ಎಲ್ಲಿಯೂ ನೇರವಾಗಿ ಬರೆದಿಲ್ಲ. ಹಾಗಿರುವಾಗ ನಮ್ಮ ರಾಷ್ಟ್ರಪತಿ ಮತ್ತು ಬ್ರಿಟನ್ನಿನ ರಾಜಪದವಿ ಒಂದೇ ಎನ್ನಬಹುದೆ? ಇದನ್ನು ಅಧ್ಯಯನ ಮಾಡಿ ಎಂದರು. ಅಧಿಕಾರದ ಹಪಾಹಪಿ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಹಿಂದೂ ಕೋಡ್ ಮಸೂದೆಯನ್ನು 1951ರಲ್ಲಿ ಕಟುವಾಗಿ ವಿರೋಧಿಸಿದ್ದವರು, ಮುಂದೆ ಸಂಸತ್ತು ಒಪ್ಪಿದ ಕಾನೂನುಗಳಿಗೆ ಅಂಕಿತ ಹಾಕಿದ್ದರು. 1959ರ ಜುಲೈ 31ರಂದು ಕೇರಳದ ನಂಬೂದಿರಿಪಾಡ್ ಸರ್ಕಾರ ವಜಾ ಆದದ್ದೂ ಅವರ ಸಹಿಯಿಂದಲೇ, ಕೇಂದ್ರ ಸಂಪುಟದ ಸಲಹೆಯಂತೆ. ಸಲಹೆಯನ್ನು ಪಾಲಿಸುತ್ತಲೇ ಅದರ ಕಾನೂನಿನ ಬುಡವನ್ನು ಬಹಿರಂಗವಾಗಿ ಕೇಳುವುದಕ್ಕೆ ಧೈರ್ಯ ಬೇಕು.

1962ರ ಮೇ 13ರಂದು ಪ್ರಸಾದರು ಪದವಿ ಬಿಟ್ಟರು, ರಾಧಾಕೃಷ್ಣನ್ ಬಂದರು. ಪ್ರಶ್ನೆಗೆ ಸಂವಿಧಾನದಲ್ಲೇ ಉತ್ತರ ಬರೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ: 1976ರ 42ನೇ ತಿದ್ದುಪಡಿ, ಸಲಹೆಯಂತೆ ನಡೆಯಲೇಬೇಕು ಎಂದಿತು. 1978ರ 44ನೇ ತಿದ್ದುಪಡಿ ಸ್ವಲ್ಪ ಉಸಿರಾಡಲು ಜಾಗ ಬಿಟ್ಟಿತು. ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಂದು ಸಲ ವಾಪಸ್ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಬೇಕು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ. ಆರ್. ನಾರಾಯಣನ್ ಹೀಗೆಯೇ ಹಿಂದಕ್ಕೆ ಕಳಿಸಿದರು, ಗುಜ್ರಾಲ್ ಸಂಪುಟ ಅದನ್ನು ಕೈಬಿಟ್ಟಿತು.