ಸೂಜಿ ತಪ್ಪಿದರೆ ಖರ್ಚು ಯಾರದು?

ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಹಾಗಾಗಿ ಚೇಳೂರಿನ ಈ ಅಂಕಣಕಾರ ಮುಂಗಾರಿಗೆ ಮುನ್ನ ತುಮಕೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ದುಡ್ಡು ಕೊಟ್ಟೇ ಹಾಕಿಸಿಕೊಂಡರು. ದುಡ್ಡು ಕೊಟ್ಟದ್ದೇ ಮುಂದೆ ಕೈಹಿಡಿಯಿತು.

"ಅಂಗಿ ಬಿಚ್ಚೋದು ಬೇಡ ಯಜಮಾನ್ರೇ, ಕಾಲರ್ ಜಾರ್ಸಿ ಸಾಕು" ಎಂದರು ಸೂಜಿ ಹಿಡಿದವರು. ಜಾರಿದ ಕಾಲರಿನ ಸಂದಿಯಲ್ಲಿ ಕಂಡದ್ದು ಭುಜದ ಮೂಳೆಯ ಅಂಚು. ಸೂಜಿ ಇಳಿದದ್ದು ಅದರ ಬುಡಕ್ಕೇ. ಇಳಿಯಬೇಕಾದ್ದು ಎರಡು ಮೂರು ಬೆರಳು ಕೆಳಗೆ, ದಪ್ಪ ಸ್ನಾಯುವಿಗೆ. ಮೇಲೆ ಚುಚ್ಚಿದರೆ ಔಷಧ ಕೀಲಿನ ಬಳಿಯ ಚೀಲಕ್ಕೆ ಹೋಗಿ ಉರಿಯೂತ ಎಬ್ಬಿಸಬಹುದು. ಮರುದಿನ ತಲೆ ಬಾಚಲು ಕೈ ಮೇಲೇಳಲಿಲ್ಲ. ಹಲಸಿನ ಸುಗ್ಗಿ ಬೇರೆ. ಕೆಂಪು ತೊಳೆಯ 'ಸಿದ್ದು' ತಳಿಯ ಊರಲ್ಲಿ ಕಾಯಿ ಇಳಿಸಲು ಆಳು ಹುಡುಕಬೇಕಾಯಿತು. ಮೂಳೆ ಡಾಕ್ಟರು, ಸ್ಕ್ಯಾನು, ಫಿಸಿಯೋಥೆರಪಿ, ಬಸ್ ಚಾರ್ಜು, ಕೂಲಿ ಅಂತ ಸಾವಿರಗಳು ಕರಗಿದವು.

ಅಮೆರಿಕದಲ್ಲಿ ಇದಕ್ಕೆ ಸಿದ್ಧ ದಾರಿಯಿದೆ. 1986ರ ಕಾಯ್ದೆಯಡಿ ಪರಿಹಾರದ ವ್ಯವಸ್ಥೆ ಬಂತು. ಪ್ರತಿ ಫ್ಲೂ ಡೋಸಿನ ಮೇಲಿನ 75 ಸೆಂಟ್ ತೆರಿಗೆ ಅದರ ನಿಧಿಗೆ ಹೋಗುತ್ತದೆ. ಭುಜದ ಈ ಗಾಯ 2017ರಲ್ಲಿ ಅಲ್ಲಿನ ಪಟ್ಟಿಗೆ ಸೇರಿತು. 48 ಗಂಟೆಯೊಳಗೆ ನೋವು ಶುರುವಾಗಿ ಆರು ತಿಂಗಳಿಗೂ ಮೀರಿ ಕಾಡಿದರೆ, ಯಾರ ತಪ್ಪೆಂದು ಸಾಬೀತು ಮಾಡದೆಯೂ ಪರಿಹಾರ ಕೇಳಬಹುದು. ನಮ್ಮಲ್ಲಿ ಫ್ಲೂ ಲಸಿಕೆಗೆ ಅಂಥ ನಿಧಿಯಿಲ್ಲ.

ಉಳಿದದ್ದು ಗ್ರಾಹಕರ ಆಯೋಗ. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನಂತೆ ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ಒಳಗೆ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಹೊರಗೆ. 2019ರ ಕಾಯ್ದೆಯಡಿ ದೂರಿನ ಶುಲ್ಕ ಲೆಕ್ಕ ಹಾಕುವುದು ಕೇಳಿದ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ. ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ಲಸಿಕೆಯ ಬಿಲ್ಲು ಅದರ ಹತ್ತಿರಕ್ಕೂ ಬಾರದು! ಗಡುವು ಎರಡು ವರ್ಷ. ಆದರೆ ತಪ್ಪು ನಡೆದದ್ದನ್ನು ದೂರುದಾರರೇ ತೋರಿಸಬೇಕು, ಕಷ್ಟವಿರುವುದು ಅಲ್ಲೇ.

ಅಂಕಣಕಾರ ಮೊದಲು ನೋಟಿಸ್ ಕೊಟ್ಟರು. ಚಿಕಿತ್ಸೆಯ ಬಿಲ್ಲು ಮಾತ್ರ ಕೊಡುತ್ತೇವೆ ಎಂದರು ಕ್ಲಿನಿಕ್ಕಿನವರು. ಆಳಿನ ಕೂಲಿಯೂ ಸೇರಿದ ಮೇಲೆ ರಾಜಿಗೆ ಸಹಿ ಬಿತ್ತು. ನೋವಿಗೆ ಅಂತ ನಯಾಪೈಸೆ ಬರಲಿಲ್ಲ. ವರ್ಷಗಟ್ಟಲೆ ತುಮಕೂರಿಗೆ ಅಲೆಯುವುದಕ್ಕಿಂತ ಇದೇ ವಾಸಿ ಎಂಬುದು ಅವರ ಲೆಕ್ಕ. ಕೆಲಸಕ್ಕೆ ಬಂದದ್ದು ಮೂಳೆ ಡಾಕ್ಟರ ಚೀಟಿ: ಲಸಿಕೆಯ ದಿನ, ಯಾವ ತೋಳು, ನೋವು ಶುರುವಾದ ಹೊತ್ತು, ಮೂರೂ ಅದರಲ್ಲಿದ್ದವು.

ಇಂಥ ಗಾಯ ಅಪರೂಪ. ಫ್ಲೂ ಲಸಿಕೆ ಬಿಡಬೇಡಿ. ತೋಳು ಪೂರ್ತಿ ಕಾಣುವಂತೆ ಅಂಗಿ ತೆಗೆದು ಕೂರಿ, ಬ್ಯಾಚ್ ನಂಬರ್ ಬರೆಸಿ ಬಿಲ್ಲು ಪಡೆಯಿರಿ.